ಆ ಹಳದಿ ಗೆರೆಗಳ ಜಾಗ ಖಾಲಿ ಬಿದ್ದಿಲ್ಲ: ಒಂದು ಮಾಲ್‌ನ ವ್ಯವಸ್ಥಾಪಕರಿಗೆ ಬಹಿರಂಗ ಪತ್ರ

ಮಾನ್ಯ ವ್ಯವಸ್ಥಾಪಕರೇ,

ನಮಸ್ಕಾರ. ನಿಮ್ಮ ಬೇಸ್‌ಮೆಂಟಿನಲ್ಲಿ ಅಂಗವಿಕಲರ ಕಾರುಗಳಿಗೆ ಬಿಟ್ಟಿರುವ ಪಾರ್ಕಿಂಗ್ ಜಾಗದ ಬಗ್ಗೆ ಈ ಪತ್ರ. ಇದರ ಒಂದು ಪ್ರತಿಯನ್ನು ಹೋದ ಸೋಮವಾರ ನಿಮ್ಮ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಂಡಿದ್ದೇನೆ. ಇಲ್ಲಿ ನಿಮ್ಮ ಮಾಲ್‌ನ ಹೆಸರು ಬರೆಯುತ್ತಿಲ್ಲ. ಹೆಸರು ಹಾಕಿದರೆ ಓದುವವರು ಇದು ಅದೊಂದು ಮಾಲ್‌ನ ಜಗಳ ಅಂದುಕೊಂಡು ಮುಂದೆ ಹೋಗುತ್ತಾರೆ. ಬೆಂಗಳೂರಿನ ಬೇರೆ ಮಾಲ್‌ಗಳಲ್ಲಿ, ಆಸ್ಪತ್ರೆಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ನಾನು ನೋಡಿದ್ದೂ ಹೆಚ್ಚುಕಮ್ಮಿ ಇದನ್ನೇ.

ನಾನು ಎರಡೂ ಕಡೆಯವಳು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಂದೂವರೆ ವರ್ಷದ ಮಗಳಿದ್ದಾಳೆ. ನನ್ನ ಅಣ್ಣ ವೀಲ್‌ಚೇರ್ ಬಳಸುತ್ತಾನೆ. ನೀವು ಆ ಜಾಗಕ್ಕೆ ಹೊಸದಾಗಿ ಹಾಕಿಸಿರುವ ಬೋರ್ಡಿನಲ್ಲಿ ಅಂಗವಿಕಲರೂ ಮಕ್ಕಳ ಜೊತೆ ಬರುವವರೂ, ಅಂದರೆ ನಾವಿಬ್ಬರೂ ಇದ್ದೇವೆ.

ಅಣ್ಣನಿಗೆ ಎರಡನೇ ವಯಸ್ಸಿನಲ್ಲಿ ಪೋಲಿಯೊ ಆಯಿತು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು, ಊರುಗೋಲು ಹಿಡಿದು ಓಡಾಡಿದ. ಭಾರವನ್ನೆಲ್ಲಾ ಕೈಮೇಲೆ ಹಾಕಿ ಹಾಕಿ ಎರಡೂ ಭುಜ ಸವೆದುಹೋದವು. ಈಗ ವೀಲ್‌ಚೇರ್. ಕಾರು ಅವನೇ ಓಡಿಸುತ್ತಾನೆ. ಗೇರ್ ಇಲ್ಲದ ಕಾರು, ಸ್ಟೀರಿಂಗ್ ಪಕ್ಕದಲ್ಲಿ ಒಂದು ಕೈ ಲಿವರ್. ಎಳೆದರೆ ಆಕ್ಸಿಲರೇಟರ್, ತಳ್ಳಿದರೆ ಬ್ರೇಕ್. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರಲ್ಲಿ, 2014ರಲ್ಲಿ ನಾವು ಪೋಲಿಯೊ ಇಲ್ಲದ ದೇಶ ಅನ್ನಿಸಿಕೊಂಡೆವು. ಅದು ಖುಷಿಯ ವಿಷಯವೇ. ಆದರೆ ಅದಕ್ಕೂ ಮೊದಲು ಪೋಲಿಯೊ ಆದ ಮಕ್ಕಳಲ್ಲಿ ತುಂಬಾ ಜನ ಈಗ ನಲವತ್ತು ಐವತ್ತರ ಹತ್ತಿರ ಬಂದಿದ್ದಾರೆ. ಕೆಲಸ ಮಾಡುತ್ತಾರೆ, ಕಾರು ಓಡಿಸುತ್ತಾರೆ, ಹೆಂಡತಿ ಮಕ್ಕಳ ಜೊತೆ ನಿಮ್ಮ ಮಾಲ್‌ಗೂ ಬರುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಎಣಿಸಿದ ಅಂಗವಿಕಲರೇ 13.24 ಲಕ್ಷ. ನಿಮ್ಮ ಡ್ಯೂಟಿ ಮ್ಯಾನೇಜರ್ ನನಗೆ "ಅಂಥವರು ಬರೋದೇ ಕಮ್ಮಿ ಮೇಡಂ" ಅಂದರು. ಬಂದು ಒಳಗೆ ಹೋಗಲಾಗದೆ ವಾಪಸ್ ಹೋದವರನ್ನು ಅವರು ಎಣಿಸಿದ್ದಾರಾ?

ಮಾಲ್ ಶುರುವಾದಾಗ ನೀವು ಬಿ1ನ, ಅಂದರೆ ಮೊದಲ ಬೇಸ್‌ಮೆಂಟಿನ, ಲಿಫ್ಟ್ ಪಕ್ಕದಲ್ಲೇ ವೀಲ್‌ಚೇರ್ ಚಿಹ್ನೆಯ ಎರಡು ಜಾಗ ಬಿಟ್ಟಿದ್ದಿರಿ. ಅದರ ಪಕ್ಕದಲ್ಲಿ ಹಳದಿ ಓರೆಗೆರೆ ಎಳೆದ ಪಟ್ಟಿ. ನಾನು ಟೇಪ್ ಹಿಡಿದು ಅಳೆದೆ. ಪಟ್ಟಿಯೂ ಸೇರಿ ಸರಿಯಾಗಿ 3.6 ಮೀಟರ್ ಅಗಲ ಇದೆ. ಕೇಂದ್ರ ಸರ್ಕಾರದ ಮಾನದಂಡ ಹೇಳುವುದೂ ಅಷ್ಟೇ. ಅಗಲ 3.6 ಮೀಟರ್, ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು. ನಕ್ಷೆ ಮಾಡಿದವರು ತಿಳಿದೇ ಮಾಡಿದ್ದಾರೆ. ಅವರಿಗೆ ನನ್ನ ಥ್ಯಾಂಕ್ಸ್ ತಲುಪಿಸಿ. ಅದಕ್ಕೇ ಈಗ ಅಲ್ಲಿ ನಡೆಯುತ್ತಿರುವುದು ನೋಡಿ ಹೊಟ್ಟೆ ಉರಿಯುತ್ತದೆ.

ಆ ಹಳದಿ ಪಟ್ಟಿಯ ಮೇಲೆ ಈಗ ಡೆಲಿವರಿ ಹುಡುಗರ ಬೈಕುಗಳು ನಿಲ್ಲುತ್ತವೆ. ನಾನು ಬೇರೆ ಬೇರೆ ದಿನ ಐದು ಸಲ ನೋಡಿದ್ದೇನೆ, ಐದು ಸಲವೂ ಇದ್ದವು. ಒಂದು ಸಲ ನೆಲ ಒರೆಸುವ ಬಕೆಟ್ ಗಾಡಿಯೂ ಇತ್ತು. "ಕಾರು ನಿಲ್ಲೋ ಜಾಗ ಬಿಟ್ಟೇ ಇದೀವಲ್ಲ, ಇದು ಸುಮ್ನೆ ಖಾಲಿ ಬಿದ್ದಿತ್ತು" ಅಂತ ಒಬ್ಬ ಬೈಕಿನ ಹುಡುಗ ನನಗೆ ಹೇಳಿದ. ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿಲ್ಲ. ನಿಮಗೂ ಯಾರೂ ಹೇಳಿಲ್ಲ ಅಂದುಕೊಂಡು ನಾನೇ ಹೇಳುತ್ತೇನೆ. ಅಣ್ಣ ಕಾರು ನಿಲ್ಲಿಸಿದ ಮೇಲೆ ಬಾಗಿಲನ್ನು ಪೂರ್ತಿ ತೆಗೆಯುತ್ತಾನೆ. ಪಕ್ಕದ ಸೀಟಿನಲ್ಲಿ ಇಟ್ಟ ವೀಲ್‌ಚೇರಿನ ಚೌಕಟ್ಟನ್ನು ಎದೆಯ ಮೇಲಿಂದ ಎತ್ತಿ ಹೊರಗೆ ಇಳಿಸುತ್ತಾನೆ. ಆಮೇಲೆ ಒಂದೊಂದೇ ಚಕ್ರ ತೆಗೆದು ಸಿಕ್ಕಿಸುತ್ತಾನೆ. ಕುರ್ಚಿಯನ್ನು ಸೀಟಿಗೆ ತಾಗಿಸಿ ನಿಲ್ಲಿಸಿ, ಬ್ರೇಕ್ ಹಾಕಿ, ಕೈ ಊರಿ ದಾಟಿಕೊಳ್ಳುತ್ತಾನೆ. ಇಷ್ಟಕ್ಕೂ ಕಾರಿನ ಪಕ್ಕ ನಾಲ್ಕು ಅಡಿ ಬೇಕು. ಆ ಹಳದಿ ಪಟ್ಟಿ ಇರುವುದು ಇದಕ್ಕೆ. ಲಿಫ್ಟಿಗೆ ಹತ್ತಿರ ಆಗಲಿ ಅಂತ ಮಾತ್ರ ಈ ಜಾಗ ಕೊಡುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹತ್ತಿರ ಇಲ್ಲದಿದ್ದರೆ ಅಣ್ಣ ಚಕ್ರ ತಳ್ಳಿಕೊಂಡು ಬರುತ್ತಾನೆ. ಅಗಲ ಇಲ್ಲದಿದ್ದರೆ ಕಾರಿನಿಂದ ಇಳಿಯಲಿಕ್ಕೇ ಆಗುವುದಿಲ್ಲ.

ಅದಕ್ಕಿಂತ ಕಷ್ಟ ಇರುವುದು ವಾಪಸ್ ಹೋಗುವಾಗ. ನಾಲ್ಕು ತಿಂಗಳ ಹಿಂದಿನ ಒಂದು ರಾತ್ರಿಯ ಮಾತು. ಅಣ್ಣ ಒಬ್ಬನೇ ಬಂದಿದ್ದ, ತನ್ನ ಮಗಳ ಹುಟ್ಟುಹಬ್ಬಕ್ಕೆ ಏನೋ ತಗೊಳ್ಳಲಿಕ್ಕೆ. ಲಿಫ್ಟ್ ಪಕ್ಕದ ಎರಡೂ ಜಾಗದಲ್ಲಿ ಬೇರೆ ಕಾರುಗಳಿದ್ದವು. ಸಾಲಿನ ಕೊನೆಯಲ್ಲಿ ಬಲಗಡೆ ಖಾಲಿ ಇರುವ ಒಂದು ಮಾಮೂಲಿ ಜಾಗ ಹುಡುಕಿ ಅಲ್ಲಿ ನಿಲ್ಲಿಸಿದ. ಒಂದು ಗಂಟೆ ಬಿಟ್ಟು ಬಂದರೆ ಬಲಗಡೆ ಇನ್ನೊಂದು ಕಾರು, ನಡುವೆ ಒಂದು ಅಡಿ ಜಾಗವೂ ಇಲ್ಲ. ಸೆಕ್ಯುರಿಟಿಯವರು ಆ ಕಾರಿನ ನಂಬರ್ ಮೈಕಿನಲ್ಲಿ ಕೂಗಿಸಿದರು. ಯಾರೂ ಬರಲಿಲ್ಲ, ಸಿನಿಮಾಕ್ಕೆ ಹೋಗಿದ್ದರೋ ಏನೋ. ವ್ಯಾಲೆ ಹುಡುಗನಿಗೆ ಕಾರು ಹೊರಗೆ ತೆಗೆದುಕೊಡಲು ಕೇಳಿದರೆ ಅವನು ಕೈ ಲಿವರ್ ನೋಡಿ ಹೆದರಿದ. ಕೊನೆಗೆ ಇಬ್ಬರು ಗಾರ್ಡುಗಳು ಬಂದು "ಸಾರ್, ಆ ಕಡೆ ಬಾಗಿಲಿಂದ ನಾವೇ ಎತ್ತಿ ಕೂರಿಸ್ತೀವಿ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ಅಣ್ಣ ಬೇಡ ಅಂದ. ತನ್ನ ಕಾರು ತಾನೇ ಓಡಿಸಿಕೊಂಡು ಬಂದ ನಲವತ್ತೇಳು ವರ್ಷದ ಮನುಷ್ಯನನ್ನು ಇಬ್ಬರು ಅಪರಿಚಿತರು ಕಂಕುಳಿಗೆ ಕೈ ಹಾಕಿ ಎತ್ತಿ, ಮೂಟೆ ತುರುಕಿದ ಹಾಗೆ ಸೀಟಿಗೆ ತುರುಕುವುದು, ಸುತ್ತ ಜನ ನಿಂತು ನೋಡುವುದು. ನೀವಾಗಿದ್ದರೆ ಒಪ್ಪುತ್ತಿದ್ದಿರಾ?

ಅವನು ನನಗೆ ಫೋನ್ ಮಾಡಿದಾಗ ಒಂಬತ್ತೂವರೆ ದಾಟಿತ್ತು. ನನ್ನ ಮಗಳನ್ನು ಅತ್ತೆ ಹತ್ತಿರ ಬಿಟ್ಟು ಆಟೋ ಹಿಡಿದು ಬಂದೆ. ಅಣ್ಣ ಕಂಬದ ಪಕ್ಕ ಕುರ್ಚಿಯಲ್ಲಿ ಕೂತಿದ್ದ, ತೊಡೆಯ ಮೇಲೆ ಗಿಫ್ಟ್ ಸುತ್ತಿದ ಡಬ್ಬಿ. ನಾನು ಎಡಗಡೆ ಬಾಗಿಲಿನಿಂದ ತೂರಿಕೊಂಡು ಹೋಗಿ ಕಾರು ಹೊರಗೆ ತೆಗೆದೆ. ಅವನು ಮಾತೇ ಆಡಲಿಲ್ಲ. ಗೇಟಿನಲ್ಲಿ ಕೂತವರು ಹೆಚ್ಚಿನ ಎರಡು ಗಂಟೆಗೆ ಪಾರ್ಕಿಂಗ್ ದುಡ್ಡು ಕೇಳಿದರು, ಕೊಟ್ಟೆವು.

ಆಮೇಲೆ ನಾನು ನಿಮ್ಮ ಕಚೇರಿಗೆ ಬಂದು ಮಾತಾಡಿದೆ. ಸರಿ ಮಾಡ್ತೀವಿ ಅಂದಿರಿ. ಹೋದ ತಿಂಗಳು ಸರಿ ಮಾಡಿದಿರಿ ಕೂಡ, ಅಂದರೆ ಹೊಸ ಬೋರ್ಡ್ ಹಾಕಿಸಿದಿರಿ. "ವಿಕಲಚೇತನರು, ಹಿರಿಯ ನಾಗರಿಕರು, ಗರ್ಭಿಣಿಯರು ಮತ್ತು ಮಕ್ಕಳೊಂದಿಗೆ ಬರುವವರಿಗೆ ಮಾತ್ರ." ಜಾಗ ಅದೇ ಎರಡು.

(ವಿಕಲಚೇತನ ಅನ್ನೋ ಪದ ಸರ್ಕಾರಿ ಕಾಗದಗಳಲ್ಲೂ ಇದೆ, ನಿಮ್ಮೊಬ್ಬರ ತಪ್ಪಲ್ಲ. ಆದರೆ ಅಣ್ಣನಿಗೆ ಅದು ಇಷ್ಟ ಇಲ್ಲ. ನನ್ನ ಕಾಲಿಗೆ ತೊಂದರೆ ಆಗಿದೆ, ಚೇತನಕ್ಕೆ ಏನಾಗಿದೆ ಅಂತ ಕೇಳುತ್ತಾನೆ.)

ಈ ಬೋರ್ಡಿನ ಫಲವನ್ನು ನಾನು ಕಣ್ಣಾರೆ ನೋಡಿದ್ದು ಗೌರಿ ಹಬ್ಬದ ಮುಂಚಿನ ಶನಿವಾರ. ಅಣ್ಣ, ಅತ್ತಿಗೆ, ನಾನು, ನನ್ನ ಮಗಳು ಹಬ್ಬದ ಬಟ್ಟೆಗೆ ಬಂದಿದ್ದೆವು. ಒಂದು ಜಾಗದಲ್ಲಿ ಕಪ್ಪು ಗಾಜಿನ ದೊಡ್ಡ ಕಾರು. ಡ್ರೈವರ್ ಒಳಗೇ ಎಸಿ ಹಾಕಿಕೊಂಡು ಮಲಗಿದ್ದ. ಗಾಜು ತಟ್ಟಿ ಎಬ್ಬಿಸಿದರೆ "ಸಾಹೇಬ್ರು ಐದೇ ನಿಮಿಷದಲ್ಲಿ ಬರ್ತಾರೆ" ಅಂದ. ಇನ್ನೊಂದು ಜಾಗಕ್ಕೆ ನಾವು ತಿರುಗುವಷ್ಟರಲ್ಲಿ ಎದುರಿನಿಂದ ಒಂದು ಸಣ್ಣ ಕಾರು ಬಂತು. ಒಬ್ಬ ಹುಡುಗಿ ಓಡಿಸುತ್ತಿದ್ದಳು, ಹಿಂದೆ ಮೂರು ತಿಂಗಳ ಕೂಸು, ಪಕ್ಕದಲ್ಲಿ ಅವಳ ತಾಯಿ. ಎರಡೂ ಕಾರು ಮುಖಾಮುಖಿ ನಿಂತವು. ಅವಳು ಬೋರ್ಡ್ ತೋರಿಸಿದಳು. ಅಣ್ಣನೂ ಬೋರ್ಡ್ ತೋರಿಸಿದ. ಇಬ್ಬರೂ ಸರಿ. ಹಿಂದೆ ಹಾರ್ನ್ ಶುರುವಾಯಿತು, ಕೂಸು ಅಳಲಿಕ್ಕೆ ಶುರು ಮಾಡಿತು. ಗಾರ್ಡ್ ಬಂದು ಅಣ್ಣನಿಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಸಾರ್, ಚಿಕ್ಕ ಮಗು ಇದೆ" ಅಂದ. ಅಣ್ಣ ಹಿಂದಕ್ಕೆ ತೆಗೆದುಕೊಂಡ. ಆ ಹುಡುಗಿಗೂ ಬೇಜಾರಾಗಿತ್ತು. ಆಮೇಲೆ ಮೇಲೆ ಲಿಫ್ಟ್ ಹತ್ತಿರ ಸಿಕ್ಕಾಗ, ಒಳಗೆ ವೀಲ್‌ಚೇರ್ ಇರೋದು ನನಗೆ ಕಾಣಿಸಲಿಲ್ಲ ಅಣ್ಣಾ ಅಂತ ಅವನ ಹತ್ತಿರ ಬಂದು ಹೇಳಿದಳು. ಜಗಳ ಮಾಡಬಾರದವರು ಜಗಳ ಮಾಡಿದರು. ಎಸಿ ಹಾಕಿಕೊಂಡು ಮಲಗಿದ್ದ ಕಾರು ಮಾತ್ರ ನಾವು ಬಟ್ಟೆ ತಗೊಂಡು ವಾಪಸ್ ಬಂದಾಗಲೂ ಅಲ್ಲೇ ಇತ್ತು.

ಆ ಗಾರ್ಡ್ ಕೊಪ್ಪಳದ ಕಡೆ ಹುಡುಗ. ಹೊರಗೆ ಹೋಗುವಾಗ ಅವನನ್ನು ಕೇಳಿದೆ, ದೊಡ್ಡ ಕಾರಿನವರಿಗೆ ಯಾಕೆ ಹೇಳಲಿಲ್ಲ ಅಂತ. "ಏನ್ ಮಾಡ್ಲಿರಿ ಅಕ್ಕಾರ, ಅವರಿಗೆ ಹೇಳಿದ್ರ ಅವರು ಮ್ಯಾಲಿನವರಿಗೆ ಫೋನ್ ಮಾಡ್ತಾರ. ಬೈಸ್ಕೊಳ್ಳೋದು ನಾವ" ಅಂದ. ಅವನ ಮೇಲೆ ದಯವಿಟ್ಟು ಕ್ರಮ ತಗೊಳ್ಳಬೇಡಿ. ಅವನು ಹೇಳಿದ್ದು ನಿಜ, ಅಲ್ವಾ? ಹೀಗೆ ಫೋನ್ ಬಂದಾಗ ನಿಮ್ಮ ಕಚೇರಿ ಯಾರ ಪರ ನಿಲ್ಲುತ್ತದೆ ಅನ್ನೋದು ಅವನಿಗೆ ಗೊತ್ತಿದೆ.

ಇನ್ನು ನಿಮ್ಮ ಡ್ಯೂಟಿ ಮ್ಯಾನೇಜರ್ ಹೇಳಿದ ಮಾತಿಗೆ ಬರುತ್ತೇನೆ. "ಇದು ಪ್ರೈವೇಟ್ ಪ್ರಾಪರ್ಟಿ ಮೇಡಂ, ಅವೆಲ್ಲಾ ಬರೀ ಗೈಡ್‌ಲೈನ್" ಅಂದರು. ಎರಡೂ ತಪ್ಪು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ ಅಂದರೆ ಏನು ಅಂತ ಬಿಡಿಸಿ ಹೇಳಿದೆ. ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ಜನ ಬಂದುಹೋಗುವ ಕಟ್ಟಡ ಅದರಲ್ಲಿ ಬರುತ್ತದೆ. ವ್ಯಾಪಾರದ ಜಾಗವೂ ಬರುತ್ತದೆ, ಮನರಂಜನೆಯ ಜಾಗವೂ ಬರುತ್ತದೆ. ನಿಮ್ಮದು ಎರಡೂ. ಅದೇ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಈ ನಿಯಮಗಳನ್ನು ಪಾಲಿಸದ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವ ಹಾಗಿಲ್ಲ, ಕೆಲಸ ಪೂರ್ಣಗೊಂಡ ಪ್ರಮಾಣಪತ್ರ ಕೊಡುವ ಹಾಗೂ ಇಲ್ಲ, ಕಟ್ಟಡ ಬಳಸಲು ಬಿಡುವ ಹಾಗೂ ಇಲ್ಲ. ನಿಮಗೆ ಅನುಮತಿ ಸಿಕ್ಕಿದ್ದು ಆ ಎರಡು ಜಾಗ ನಕ್ಷೆಯಲ್ಲಿ ಇದ್ದದ್ದರಿಂದಲೂ ಹೌದು. ಅನುಮತಿ ಸಿಕ್ಕ ಮೇಲೆ ಅದನ್ನು ಬೈಕ್ ಸ್ಟ್ಯಾಂಡ್ ಮಾಡಿದರೆ ಹೇಗೆ? ಕಾಯ್ದೆಯನ್ನು ಮೀರಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ. ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ.

ಬರೀ ಗೈಡ್‌ಲೈನ್ ಅನ್ನೋ ಮಾತಿಗೆ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿದೆ. ಕಣ್ಣು ಕಾಣದ ರಾಜೀವ್ ರತೂರಿ ಎಂಬುವವರು 2005ರಲ್ಲಿ ಹಾಕಿದ ಅರ್ಜಿ ಅದು. 2024ರ ನವೆಂಬರ್ 8ರಂದು ಕೋರ್ಟ್ ಹೇಳಿದ್ದು ಇಷ್ಟು. ಕಾಯ್ದೆಯೇ ಇದು ಕಡ್ಡಾಯ ಅನ್ನುವಾಗ, ಅದರ ಕೆಳಗೆ ಮಾಡಿದ ನಿಯಮ ಇದನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸುವ ಹಾಗಿಲ್ಲ. ಬಿಡಲೇಬಾರದ ಕನಿಷ್ಠ ಅಂಶಗಳನ್ನು ಬೇರೆ ಮಾಡಿ ಕಡ್ಡಾಯ ನಿಯಮ ತನ್ನಿ ಅಂತ ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಒಬ್ಬ ಮನುಷ್ಯ ಹತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಕಾದು ಪಡೆದ ಮಾತು ಇದು. ಬೇಸ್‌ಮೆಂಟಿನಲ್ಲಿ ನಿಂತು ಅದನ್ನು ತಳ್ಳಿಹಾಕಬೇಡಿ.

ಮಗು ಇರುವವರ ಜಾಗಕ್ಕೆ ಇಂಥ ಕಾನೂನು ನನಗೆ ಎಲ್ಲೂ ಕಂಡಿಲ್ಲ. ಅದು ನೀವು ತೋರಿಸುವ ಒಳ್ಳೆಯತನ. ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತಾ ಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ ಇದೆ. ಮಕ್ಕಳ ಸೀಟಿನಿಂದ ನಿದ್ದೆ ಮಾಡುತ್ತಿರುವ ಕೂಸನ್ನು ಬಿಚ್ಚಿ ಎತ್ತಿಕೊಳ್ಳುವುದು ಅಂದರೆ ಹಿಂದಿನ ಬಾಗಿಲು ಪೂರ್ತಿ ತೆಗೆದು ಸೊಂಟ ಬಗ್ಗಿಸಿ ಒಳಗೆ ಹೋಗಬೇಕು. ಪಕ್ಕದ ಕಾರಿಗೆ ಬಾಗಿಲು ತಾಗಿಸಿ ನಾನು ಬೈಸಿಕೊಂಡದ್ದೂ ಇದೆ. ಎಂಟು ತಿಂಗಳ ಬಸುರಿಯಾಗಿದ್ದಾಗ ಬೇರೊಂದು ಕಡೆ ವೀಲ್‌ಚೇರ್ ಚಿಹ್ನೆಯ ಜಾಗದಲ್ಲಿ ನಾನೇ ಒಮ್ಮೆ ನಿಲ್ಲಿಸಿದ್ದೆ. ನಂಗೂ ಕಷ್ಟ ಇದೆಯಲ್ಲ ಅಂದುಕೊಂಡೆ. ಅಣ್ಣನಿಗೆ ಹೇಳಿದಾಗ ಅವನು ಬೈಯಲಿಲ್ಲ. ಇನ್ನೊಂದು ಜಾಗ ಸಿಗದಿದ್ದರೆ ನೀನು ಏನು ಮಾಡ್ತಿದ್ದೆ ಅಂತ ಕೇಳಿದ. ದೂರ ನಿಲ್ಲಿಸಿ ನಿಧಾನ ನಡೆದುಕೊಂಡು ಬರ್ತಿದ್ದೆ ಅಂದೆ. ನಾನು ಮನೆಗೆ ವಾಪಸ್ ಹೋಗ್ತಿದ್ದೆ ಅಂದ. ಆವತ್ತಿನಿಂದ ನಾನು ಆ ಜಾಗದ ಕಡೆ ಕಾರು ತಿರುಗಿಸಿಲ್ಲ.

ನನ್ನ ಗೆಳತಿಯೊಬ್ಬಳು ಇಂಗ್ಲೆಂಡಿನಲ್ಲಿದ್ದಾಳೆ, ಅವಳಿಗೂ ಎರಡು ಚಿಕ್ಕ ಮಕ್ಕಳು. ಅಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲಿ ಎರಡೂ ಥರದ ಜಾಗ ಇವೆ, ಆದರೆ ಬೇರೆ ಬೇರೆ. ಮಗುವಿನ ಜಾಗ ಅಂಗಡಿಯವರ ಸೌಜನ್ಯ. ಅಂಗವಿಕಲರ ಜಾಗಕ್ಕೆ ನೀಲಿ ಬ್ಯಾಡ್ಜ್ ಬೇಕು. ಆ ಬ್ಯಾಡ್ಜ್ ಕೊಡುವುದು ಕಾರಿಗಲ್ಲ, ಮನುಷ್ಯನಿಗೆ. ಆ ಮನುಷ್ಯ ಯಾರ ಕಾರಿನಲ್ಲಿ ಹೋದರೂ ಅದನ್ನು ತಗೊಂಡು ಹೋಗಬಹುದು. ಅವನಿಲ್ಲದೆ ಮನೆಯವರು ಅದನ್ನು ಬಳಸಿದರೆ 1,000 ಪೌಂಡ್‌ವರೆಗೆ ದಂಡ. 2019ರ ಆಗಸ್ಟ್‌ನಿಂದ ಅಲ್ಲಿ ಹೊರಗೆ ಕಾಣದ ತೊಂದರೆ ಇರುವವರಿಗೂ ಬ್ಯಾಡ್ಜ್ ಸಿಗುತ್ತದೆ. ನಮ್ಮಲ್ಲಿ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಇದೆ. ಆದರೆ ಪಾರ್ಕಿಂಗ್‌ನಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಗಾಜಿಗೆ ಅಂಟಿಸಿದ ವೀಲ್‌ಚೇರ್ ಸ್ಟಿಕ್ಕರ್ ನೋಡುತ್ತಾರೆ. ಆ ಸ್ಟಿಕ್ಕರ್ ಯಾರು ಬೇಕಾದರೂ ಕೊಂಡು ಅಂಟಿಸಿಕೊಳ್ಳಬಹುದು.

ಹಾಗಾಗಿ ನನ್ನ ಬೇಡಿಕೆಗಳು ಇವು. ಮೊದಲು ಆ ಒಟ್ಟು ಬೋರ್ಡ್ ತೆಗೆಸಿ. ಲಿಫ್ಟ್ ಪಕ್ಕದ ಎರಡು ಜಾಗ ಅಂಗವಿಕಲರಿಗೆ ಮಾತ್ರ ಇರಲಿ. ಮಗು ಇರುವವರಿಗೆ ಬೇರೆ ಕಡೆ ಮಾಡಿ. ಬಿ1ರಲ್ಲೇ ಎರಡನೇ ಲಿಫ್ಟಿನ ಹತ್ತಿರ ಮೂರು ಮಾಮೂಲಿ ಜಾಗ ಸೇರಿಸಿದರೆ ಎರಡು ಅಗಲದ ಜಾಗ ಆಗುತ್ತವೆ, ನಾನು ನೋಡಿಕೊಂಡು ಬಂದಿದ್ದೇನೆ. ತಳ್ಳುಗಾಡಿ ಕಾರುಗಳ ಮಧ್ಯೆ ಹೋಗದ ಹಾಗೆ ಒಂದು ದಾರಿ ಎಳೆಸಿ, ಅಷ್ಟು ಸಾಕು. ಹಿರಿಯರನ್ನು ಮುಂದಿನ ಬಾಗಿಲಲ್ಲಿ ಇಳಿಸಿ ಆಮೇಲೆ ಕಾರು ನಿಲ್ಲಿಸಲು ಬಿಡಿ, ಅಲ್ಲಿ ಎರಡು ಕುರ್ಚಿ ಹಾಕಿಸಿ.

ಬೈಕುಗಳಿಗೆ ಬೇರೆ ಜಾಗ ಕೊಡಿ. ಹಾಗಂತ ಆ ಎರಡು ಜಾಗಕ್ಕೆ ಸರಪಳಿ ಕಟ್ಟಿ, ಕೋನ್ ಇಟ್ಟು ಕಾಪಾಡುತ್ತೇವೆ ಅನ್ನಬೇಡಿ. ಒಬ್ಬನೇ ಬಂದ ಅಣ್ಣ ಕಾರಿನಿಂದ ಇಳಿದು ಕೋನ್ ಎತ್ತಿಡಲು ಆಗುವುದಿಲ್ಲ, ಕೋನ್ ಎತ್ತಿಡದೆ ಇಳಿಯಲೂ ಆಗುವುದಿಲ್ಲ. ಗೇಟಿನಲ್ಲಿ ಟಿಕೆಟ್ ಕೊಡುವವರು ನೋಡಿ ಒಳಗಿನ ಗಾರ್ಡ್‌ಗೆ ವಾಕಿಟಾಕಿಯಲ್ಲಿ ಹೇಳಲಿ, ಇಲ್ಲಾ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಫೋನ್ ನಂಬರ್ ಇರಲಿ.

ಗಾರ್ಡುಗಳಿಗೆ ಬರವಣಿಗೆಯಲ್ಲಿ ಅಧಿಕಾರ ಕೊಡಿ. ಸಾಹೇಬರಿದ್ದರೂ ಸರಿ, ಡ್ರೈವರ್ ಒಳಗೆ ಕೂತಿದ್ದರೂ ಸರಿ, ಕಾರು ತೆಗೆಯಿರಿ ಅಂತ ಹೇಳಬಹುದು, ಹೇಳಿದ್ದಕ್ಕೆ ಕೆಲಸ ಹೋಗುವುದಿಲ್ಲ ಅಂತ ಅವರ ಕೈಗೆ ಕಾಗದ ಕೊಡಿ. ಜೊತೆಗೆ ಹೇಗೆ ಕೇಳಬೇಕು ಅನ್ನೋದನ್ನೂ ಕಲಿಸಿ. ಸಣ್ಣ ವಯಸ್ಸಿನವರು, ನಡೆದಾಡುತ್ತಿದ್ದಾರೆ ಅಂತ ಅನುಮಾನದಿಂದ ಮೇಲಿಂದ ಕೆಳಗೆ ನೋಡಬಾರದು. ಕೃತಕ ಕಾಲು ಪ್ಯಾಂಟಿನ ಒಳಗೆ ಕಾಣುವುದಿಲ್ಲ, ಸ್ನಾಯುಗಳ ಕಾಯಿಲೆಯೂ ಕಾಣುವುದಿಲ್ಲ. "ಕಾರ್ಡ್ ಇದೆಯಾ ಸಾರ್" ಅಂತ ಮೆಲ್ಲಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ಯಾಂಟ್ ಎತ್ತಿ ತೋರಿಸಿ ಅನ್ನೋ ಹಾಗೆ ಕೇಳಿದರೆ ಅವರು ಇನ್ನೊಮ್ಮೆ ಬರುವುದಿಲ್ಲ.

ಇದನ್ನು ಓದುತ್ತಿರುವ, ಕಾರು ಇಟ್ಟುಕೊಂಡಿರುವ ಉಳಿದವರಿಗೂ ಒಂದು ಮಾತು. "ಎರಡೇ ನಿಮಿಷ" ಅಂತ ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಎರಡು ನಿಮಿಷದಲ್ಲಿ ಬಂದವರು ಜಾಗ ಇಲ್ಲ ಅಂದುಕೊಂಡು ರ‍್ಯಾಂಪ್ ಹತ್ತಿ ಹೊರಟುಹೋಗಿರುತ್ತಾರೆ. ಮನೆಯಲ್ಲಿ ಅಂಗವಿಕಲರಿದ್ದು ಕಾರಿಗೆ ಸ್ಟಿಕ್ಕರ್ ಇದ್ದರೆ, ಅವರು ಜೊತೆಗಿಲ್ಲದ ದಿನ ನಿಮ್ಮದೂ ಮಾಮೂಲಿ ಕಾರೇ. ಅಣ್ಣ ಏನು ಮಾಡುತ್ತಾನೆ ಗೊತ್ತಾ? ಅತ್ತಿಗೆ ಒಬ್ಬಳೇ ಒಳಗೆ ಹೋಗಿ ಸಾಮಾನು ತಂದು ತಾನು ಕಾರಿನಲ್ಲೇ ಕೂರುವ ದಿನ, ಅವನು ಆ ಅಗಲದ ಜಾಗದಲ್ಲಿ ನಿಲ್ಲಿಸುವುದೇ ಇಲ್ಲ. ಇವತ್ತು ನಾನು ಇಳಿಯಲ್ವಲ್ಲ, ನನಗೆ ಯಾಕೆ ಅಂತಾನೆ.

ವ್ಯವಸ್ಥಾಪಕರೇ, ಈ ಪತ್ರಕ್ಕೆ ಮೂವತ್ತು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಬರದಿದ್ದರೆ ಇದೇ ಪತ್ರ, ದಿನಾಂಕ ಇರುವ ಫೋಟೋಗಳು, ಆವತ್ತಿನ ಪಾರ್ಕಿಂಗ್ ರಸೀದಿ ಎಲ್ಲವನ್ನೂ ಅಂಗವಿಕಲರ ಹಕ್ಕುಗಳಿಗಾಗಿ ಇರುವ ರಾಜ್ಯ ಆಯುಕ್ತರಿಗೆ ಕಳಿಸುತ್ತೇನೆ. ಕಾಯ್ದೆ ಅವರಿಗೆ ಇಂಥ ದೂರು ವಿಚಾರಿಸುವ ಅಧಿಕಾರ ಕೊಟ್ಟಿದೆ. ಅಲ್ಲಿಯವರೆಗೆ ಹೋಗುವುದು ನನಗೆ ಇಷ್ಟ ಇಲ್ಲ. ಎಂಟು ವರ್ಷದಿಂದ ನಾವು ಹಬ್ಬದ ಬಟ್ಟೆಗೆ ಬರುತ್ತಿರುವುದು ನಿಮ್ಮಲ್ಲಿಗೇ.

ದೀಪಾವಳಿಗೆ ಮತ್ತೆ ಬರುತ್ತೇವೆ. ಅಣ್ಣ ಮೊದಲು ಬರುತ್ತಾನೆ, ಒಬ್ಬನೇ. ನಾನು ಮಗಳ ಜೊತೆ ಹಿಂದೆ ಇನ್ನೊಂದು ಕಾರಿನಲ್ಲಿ ಬರುತ್ತೇನೆ.

ಇಂತಿ,
ನಿಮ್ಮ ಒಬ್ಬ ಗ್ರಾಹಕಿ, ಬೆಂಗಳೂರು